ಅರ್ಧ ದಿನದ ದುಡಿಮೆಯೋ, ಜೀವನಾಂಶವೋ?

ಗಂಡನ ಮನೆ ಬಿಟ್ಟು ಬಂದ ಹೆಣ್ಣಿಗೆ ಮೊದಲ ವಾರದಲ್ಲೇ ಎರಡು ಬುದ್ಧಿಮಾತು ಕೇಳಿಸುತ್ತವೆ. ‘ಯಾವುದಾದ್ರೂ ಸಣ್ಣ ಕೆಲ್ಸ ಹಿಡ್ಕೊಳ್ಳಮ್ಮ, ಕೈಯಲ್ಲಿ ನಾಲ್ಕು ಕಾಸಿದ್ರೆ ಯಾರ ಹಂಗೂ ಇರಲ್ಲ’ ಎಂಬುದು ಒಂದು. ‘ಈಗ್ಲೇ ಕೆಲ್ಸಕ್ಕೆ ಹೋಗ್ಬೇಡ, ದುಡೀತಿದ್ದಾಳೆ ಅಂತ ಗೊತ್ತಾದ್ರೆ ಕೋರ್ಟಲ್ಲಿ ಒಂದು ಪೈಸೆ ಹುಟ್ಟಲ್ಲ’ ಎಂಬುದು ಇನ್ನೊಂದು. ಮೊದಲನೆಯದನ್ನು ಅಕ್ಕಪಕ್ಕದವರು ಹೇಳುತ್ತಾರೆ. ಎರಡನೆಯದು ಕೋರ್ಟು ಕಂಡು ಬಂದವರ ಬಾಯಿಂದ ಬರುತ್ತದೆ. ಹೇಳುವವರೆಲ್ಲ ಹಿತೈಷಿಗಳೇ. ಆದರೆ ಇಬ್ಬರ ಮಾತನ್ನೂ ಒಟ್ಟಿಗೆ ಪಾಲಿಸಲು ಆಗುವುದಿಲ್ಲ.

ಇದು ಬೆರಳೆಣಿಕೆಯ ಮಂದಿಯ ಕಷ್ಟವಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ವಿಚ್ಛೇದಿತರು ಸುಮಾರು 13.6 ಲಕ್ಷ. ವಿಚ್ಛೇದನ ಪಡೆಯದೆ ಬೇರೆಯಾಗಿ ಬದುಕುವವರು ಅದರ ಎರಡೂವರೆ ಪಟ್ಟಿಗೂ ಹೆಚ್ಚು. ಎರಡೂ ಗುಂಪಿನಲ್ಲಿ ಹೆಂಗಸರೇ ಜಾಸ್ತಿ, ಏಕೆಂದರೆ ಗಂಡಸು ಬೇಗ ಮರುಮದುವೆಯಾಗಿ ಲೆಕ್ಕದಿಂದ ಹೊರಗೆ ಹೋಗುತ್ತಾನೆ. ಹೀಗೆ ಬೇರಾದವಳ ಎದುರು ಮೂರು ಕಡೆಯ ದುಡ್ಡಿದೆ: ತಾನೇ ದುಡಿಯುವುದು, ಗಂಡನಿಂದ ಬರಬೇಕಾದ ಜೀವನಾಂಶ, ಸರ್ಕಾರ ಕೊಡುವ ನೆರವು. ಒಂದನ್ನು ಹಿಡಿದರೆ ಇನ್ನೊಂದು ಕೈಬಿಡುತ್ತದೆಯೇ ಎಂಬುದೇ ಚರ್ಚೆಯ ತಿರುಳು. ಕಾನೂನು, ಅರ್ಥಶಾಸ್ತ್ರ ಮತ್ತು ಸ್ತ್ರೀವಾದ ಈ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಟ್ಟಿವೆ.

ಕಾನೂನು ನಡೆದು ಬಂದ ದಾರಿ

ಜೀವನಾಂಶದ ಕಾನೂನು ಹುಟ್ಟಿದ್ದು ಹೆಣ್ಣಿನ ಹಕ್ಕಿನ ಕಾಳಜಿಯಿಂದಲ್ಲ. 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೇ ಕಲಮಿನ ಉದ್ದೇಶ, ಗಂಡ ಬಿಟ್ಟ ಹೆಂಡತಿ ಮತ್ತು ಮಕ್ಕಳು ಬೀದಿಪಾಲಾಗಿ ಊರಿಗೆ ತಲೆನೋವಾಗಬಾರದು ಎಂಬುದಾಗಿತ್ತು. ಅದಕ್ಕೇ ಅದು ಸಿವಿಲ್ ಕಾನೂನಿನಲ್ಲಿರದೆ ಕ್ರಿಮಿನಲ್ ಸಂಹಿತೆಯಲ್ಲಿ ಕೂತಿತು. ಗಂಡನಿಂದ ಪ್ರತ್ಯೇಕವಾಗಿ ವಾಸಿಸುವ ಮತ್ತು ಜೀವನಾಂಶ ಪಡೆಯುವ ಹಿಂದೂ ವಿವಾಹಿತೆಯ ಹಕ್ಕಿಗಾಗಿ 1946ರಲ್ಲಿ ಪ್ರತ್ಯೇಕ ಕಾಯ್ದೆಯೊಂದು ಬಂತು. 1955ರ ಹಿಂದೂ ವಿವಾಹ ಕಾಯ್ದೆ ಮೊಕದ್ದಮೆ ನಡೆಯುವಾಗಿನ ಜೀವನಾಂಶವನ್ನೂ ಶಾಶ್ವತ ಜೀವನಾಂಶವನ್ನೂ ಒದಗಿಸಿತು. ಅದರಡಿ ಗಂಡನೂ ಜೀವನಾಂಶ ಕೇಳಬಹುದು. 1973ರ ಸಂಹಿತೆಯ 125ನೇ ಕಲಮು ವಿಚ್ಛೇದಿತೆಯನ್ನೂ ‘ಹೆಂಡತಿ’ಯ ವ್ಯಾಖ್ಯೆಯೊಳಗೆ ತಂದಿತು. ಆದರೆ ತಿಂಗಳಿಗೆ 500 ರೂಪಾಯಿಯ ಮಿತಿ ಉಳಿದುಕೊಂಡಿತು. ಅದನ್ನು ಕಿತ್ತುಹಾಕಲು 2001ರ ತಿದ್ದುಪಡಿ ಬರಬೇಕಾಯಿತು.

ವಿಚ್ಛೇದಿತ ಮುಸ್ಲಿಂ ಮಹಿಳೆಯ ಜೀವನಾಂಶದ ಸುತ್ತ ಬಂದ 1985ರ ಶಾ ಬಾನೋ ತೀರ್ಪು, ಮರುವರ್ಷದ ಮುಸ್ಲಿಂ ಮಹಿಳಾ ಕಾಯ್ದೆ, 2001ರ ಡ್ಯಾನಿಯಲ್ ಲತೀಫಿ ತೀರ್ಪು ಇವೆಲ್ಲ ಓದುಗರಿಗೆ ಗೊತ್ತಿರುವ ಕಥೆ. ವಿಚ್ಛೇದಿತ ಮುಸ್ಲಿಂ ಮಹಿಳೆಯೂ 125ನೇ ಕಲಮಿನಡಿ ಅರ್ಜಿ ಹಾಕಬಹುದು ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಸ್ಪಷ್ಟಪಡಿಸಿತು. ಅದೇ ತಿಂಗಳ ಮೊದಲ ದಿನದಿಂದ ಆ ಕಲಮು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಇದರ ಜೊತೆಗೆ ಜೀವನಾಂಶ ಕೇಳಲು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯೂ ಇದೆ.

ಈ 144ನೇ ಕಲಮಿನೊಳಗೊಂದು ಮುಳ್ಳಿದೆ. ಪರಸ್ಪರ ಒಪ್ಪಿಗೆಯಿಂದ ಬೇರೆ ವಾಸವಾಗಿರುವ ಹೆಂಡತಿಗೆ ಇದರಡಿ ಜೀವನಾಂಶವಿಲ್ಲ. ಊರ ಹಿರಿಯರು ಪಂಚಾಯಿತಿ ಕೂರಿಸಿ, ಛಾಪಾಕಾಗದದ ಮೇಲೆ ‘ಇಬ್ಬರೂ ಸ್ವಇಚ್ಛೆಯಿಂದ ಬೇರಾಗಿದ್ದೇವೆ’ ಎಂದು ಬರೆಸಿ, ಹೆಣ್ಣಿನ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಆ ಒಂದು ಸಾಲು ಮುಂದೆ ಗಂಡನ ಕಡೆಯ ವಕೀಲರ ಕೈಯಲ್ಲಿ ಅಸ್ತ್ರವಾಗುತ್ತದೆ.

ದುಡಿಯುವವಳಿಗೆ ಜೀವನಾಂಶವಿಲ್ಲವೇ?

‘ತನ್ನನ್ನು ತಾನು ಪೋಷಿಸಿಕೊಳ್ಳಲಾಗದ’ ಹೆಂಡತಿಗೆ ಜೀವನಾಂಶ ಎನ್ನುತ್ತದೆ ಕಾನೂನು. ಈ ಮಾತಿನ ಅಳತೆ ಎಷ್ಟು ಎಂಬುದರ ಸುತ್ತ ಐವತ್ತು ವರ್ಷಗಳಿಂದ ವಾದ ನಡೆದಿದೆ. ಹೆಂಡತಿಗೆ ಸ್ವಂತ ಆದಾಯವಿದ್ದರೆ ಮೊತ್ತ ಗೊತ್ತುಮಾಡುವಾಗ ಅದನ್ನು ಗಣನೆಗೆ ತೆಗೆದುಕೊಳ್ಳಬೇಕು ಎಂದು ಭಗವಾನ್ ದತ್ ಪ್ರಕರಣದಲ್ಲಿ 1970ರ ದಶಕದಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಗಣನೆಗೆ ತೆಗೆದುಕೊಳ್ಳುವುದು ಬೇರೆ, ಅರ್ಜಿಯನ್ನೇ ತಳ್ಳಿಹಾಕುವುದು ಬೇರೆ. 2007ರ ಚತುರ್ಭುಜ್ ಪ್ರಕರಣ ಈ ಗೆರೆಯನ್ನು ಸ್ಪಷ್ಟವಾಗಿ ಎಳೆಯಿತು: ಬದುಕಿಕೊಳ್ಳಲು ಅಷ್ಟಿಷ್ಟು ದುಡಿಯುತ್ತಾಳೆ ಎಂಬ ಕಾರಣಕ್ಕೆ ಹಕ್ಕು ಹೋಗುವುದಿಲ್ಲ, ಗಂಡನ ಮನೆಯಲ್ಲಿದ್ದ ಮಟ್ಟಕ್ಕೆ ಹತ್ತಿರವಾಗಿ ಬದುಕಲು ಆ ದುಡಿಮೆ ಸಾಕೇ ಎಂಬುದನ್ನು ನೋಡಬೇಕು. ದುಡಿಯುವ ಶಕ್ತಿಯಿರುವುದೂ ನಿಜಕ್ಕೂ ದುಡಿಯುತ್ತಿರುವುದೂ ಒಂದೇ ಅಲ್ಲ ಎಂದು 2017ರ ಶೈಲಜಾ–ಖೊಬ್ಬಣ್ಣ ಪ್ರಕರಣ ಹೇಳಿತು.

2020ರ ನವೆಂಬರ್ 4ರ ರಜನೀಶ್–ನೇಹಾ ತೀರ್ಪು ಇವೆಲ್ಲವನ್ನೂ ಒಂದು ಚೌಕಟ್ಟಿಗೆ ತಂದಿತು. ಗಂಡ ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲದ ವಿವರಗಳನ್ನು ನಿಗದಿತ ನಮೂನೆಯ ಅಫಿಡವಿಟ್‌ನಲ್ಲಿ ಸಲ್ಲಿಸಬೇಕು. ಮಂಜೂರಾದ ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಆ ನಮೂನೆಯನ್ನು ಒಮ್ಮೆ ನೋಡಬೇಕು. ಮನೆ ಬಾಡಿಗೆ, ದಿನಸಿ, ಮಕ್ಕಳ ಫೀಸು, ಔಷಧಿ, ಸಾಲದ ಕಂತು ಎಲ್ಲಕ್ಕೂ ಒಂದೊಂದು ಅಂಕಣವಿದೆ. ಬ್ಯಾಂಕ್ ಖಾತೆ, ಓದು, ಈಗಿನ ಉದ್ಯೋಗ ಬರೆಯಬೇಕು. ಎರಡು ಮನೆಯ ಅಡುಗೆ ಮಾಡಿ ತಿಂಗಳಿಗೆ ಆರು ಸಾವಿರ ತರುವವಳು ಅದನ್ನು ಬರೆದರೆ ಜೀವನಾಂಶ ಹೋಯಿತು ಎಂದು ಹೆದರಿ ಅಂಕಣ ಖಾಲಿ ಬಿಡುತ್ತಾಳೆ. ನಿಜವಾದ ಅಪಾಯ ಇರುವುದು ಖಾಲಿ ಬಿಟ್ಟಾಗ. ಆರು ಸಾವಿರ ಕಳೆದ ಮೇಲೂ ಉಳಿಯುವ ಕೊರತೆಯನ್ನು ತೋರಿಸಿದರೆ ಕೋರ್ಟು ಕೇಳುತ್ತದೆ. ಆರು ಸಾವಿರ ಮುಚ್ಚಿಟ್ಟದ್ದು ಪಾಟೀಸವಾಲಿನಲ್ಲಿ ಹೊರಬಿದ್ದರೆ ಅವಳ ಉಳಿದ ಮಾತಿಗೂ ಬೆಲೆ ಹೋಗುತ್ತದೆ, ಸುಳ್ಳು ಪ್ರಮಾಣದ ಆರೋಪವೂ ತಲೆ ಮೇಲೆ ಬೀಳಬಹುದು.

ಅಷ್ಟಾದರೂ ನ್ಯಾಯಾಲಯಗಳ ಧ್ವನಿ ಒಂದೇ ಅಲ್ಲ. ಮದುವೆಗೆ ಮುಂಚೆ ಕೆಲಸದಲ್ಲಿದ್ದವಳು ಈಗ ಸುಮ್ಮನೆ ಕೂತು ಪೂರ್ತಿ ಜೀವನಾಂಶ ಕೇಳುವಂತಿಲ್ಲ ಎಂದು ಕರ್ನಾಟಕ ಹೈಕೋರ್ಟಿನ ಒಂದು ಪೀಠ 2023ರ ಜುಲೈನಲ್ಲಿ ಹೇಳಿ, ಹತ್ತು ಸಾವಿರವಿದ್ದದ್ದನ್ನು ಐದು ಸಾವಿರಕ್ಕೆ ಇಳಿಸಿದ ಆದೇಶವನ್ನು ಎತ್ತಿಹಿಡಿಯಿತು. ಏಳು ತಿಂಗಳು ಕಳೆಯುವಷ್ಟರಲ್ಲಿ, 2024ರ ಫೆಬ್ರುವರಿಯಲ್ಲಿ, ಅದೇ ಹೈಕೋರ್ಟಿನ ಇನ್ನೊಂದು ಪೀಠ ಮಕ್ಕಳನ್ನು ಸಾಕಲು ಕೆಲಸ ಬಿಟ್ಟ ತಾಯಿ ಹಗಲಿರುಳು ದುಡಿಯುತ್ತಿರುವವಳೇ, ಅವಳನ್ನು ಸೋಮಾರಿ ಎನ್ನಲಾಗದು ಎಂದು ಹೇಳಿ 18 ಸಾವಿರವನ್ನು 36 ಸಾವಿರಕ್ಕೆ ಏರಿಸಿತು. ಮೊಕದ್ದಮೆಗಳ ಸಂಗತಿ ಬೇರೆ ಬೇರೆ ನಿಜ. ಆದರೆ ವಕೀಲರ ಮುಂದೆ ಕೂತ ಹೆಣ್ಣಿಗೆ ಎರಡು ತೀರ್ಪುಗಳು ಎರಡು ದಾರಿ ತೋರಿಸುತ್ತವೆ.

ಸರ್ಕಾರದ ನೆರವು: ಕಾರ್ಡು ಯಾರ ಹೆಸರಿನಲ್ಲಿ?

ಕರ್ನಾಟಕದಲ್ಲಿ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆ ಮನೆ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತದೆ. ಯಜಮಾನಿ ಯಾರೆಂದು ತೀರ್ಮಾನಿಸುವುದು ರೇಷನ್ ಕಾರ್ಡು. ಗಂಡನ ಮನೆಯ ಕಾರ್ಡಿನಲ್ಲಿ ಯಜಮಾನಿ ಅತ್ತೆ, ತವರಿನ ಕಾರ್ಡಿನಲ್ಲಿ ಅಮ್ಮ ಅಥವಾ ಅತ್ತಿಗೆ. ನಡುವೆ ನಿಂತವಳಿಗೆ ತನ್ನದೇ ಕಾರ್ಡು ಬೇಕು. ಅದಕ್ಕೆ ಮೊದಲು ಹಳೆಯ ಕಾರ್ಡಿನಿಂದ ಹೆಸರು ತೆಗೆಸಬೇಕು. ಹೊಸ ಕಾರ್ಡಿಗೆ ಅರ್ಜಿ ಸ್ವೀಕರಿಸುವುದೂ ವರ್ಷವಿಡೀ ನಡೆಯುವ ಕೆಲಸವಲ್ಲ. ನೆರವು ಅತಿ ಹೆಚ್ಚು ಬೇಕಾದ ತಿಂಗಳುಗಳಲ್ಲೇ ಅದು ಕೈಗೆ ಎಟುಕುವುದಿಲ್ಲ.

ಪಿಂಚಣಿಯ ಕಥೆ ಇನ್ನೂ ವಿಚಿತ್ರ. ವಿಧವಾ ವೇತನ 18 ವರ್ಷದಿಂದಲೇ ಸಿಗುತ್ತದೆ. ಅವಿವಾಹಿತೆಯರಿಗೂ ವಿಚ್ಛೇದಿತೆಯರಿಗೂ ಇರುವ ಮನಸ್ವಿನಿ ಯೋಜನೆಯ 800 ರೂಪಾಯಿ ಪಡೆಯಲು 40 ತುಂಬಿರಬೇಕು. ಎಂಟು ವರ್ಷದ ಮಗುವಿರುವ ಮೂವತ್ತರ ವಿಚ್ಛೇದಿತೆಗೆ ಅಲ್ಲಿ ಜಾಗವಿಲ್ಲ. ವಿಚ್ಛೇದನದ ಡಿಕ್ರಿ ಇಲ್ಲದೆ ಬೇರಿರುವವಳಂತೂ ಯಾವ ಪಟ್ಟಿಗೂ ಸೇರುವುದಿಲ್ಲ. ಜನಗಣತಿಯಲ್ಲಿ ಅಂಥವರೇ ಹೆಚ್ಚು ಎಂಬುದನ್ನು ಇಲ್ಲಿ ನೆನೆಯಬೇಕು. ತಮಿಳುನಾಡಿನಲ್ಲಿ ಗಂಡ ಬಿಟ್ಟ ಹೆಂಗಸರಿಗೆಂದೇ ಪ್ರತ್ಯೇಕ ಪಿಂಚಣಿ ಯೋಜನೆಯಿದೆ.

ಇನ್ನು ಬಿಪಿಎಲ್ ಕಾರ್ಡಿಗೆ ವರ್ಷಕ್ಕೆ 1.20 ಲಕ್ಷ ರೂಪಾಯಿಯ ಆದಾಯ ಮಿತಿ. ತಿಂಗಳಿಗೆ ಹತ್ತು ಸಾವಿರ ಎಂದಾಯಿತು. ಸಂಬಳದ ಚೀಟಿ ಕೊಡುವ ಗಾರ್ಮೆಂಟ್ಸ್ ಕೆಲಸ ಆ ಗೆರೆ ದಾಟಿಸುತ್ತದೆ. ಚೀಟಿಯಿಲ್ಲದ ಮನೆಗೆಲಸ ದಾಟಿಸುವುದಿಲ್ಲ. 2024ರ ಕೊನೆಯಲ್ಲಿ ಬಿಪಿಎಲ್ ಕಾರ್ಡುಗಳನ್ನು ಎಪಿಎಲ್‌ಗೆ ಬದಲಿಸಿದಾಗ ಎದ್ದ ಗದ್ದಲದಲ್ಲಿ ಈ ಭಯ ಎಷ್ಟು ಆಳವಾಗಿದೆ ಎಂಬುದು ಕಂಡಿತು. ಸರ್ಕಾರ ಹಿಂದೆ ಸರಿಯಬೇಕಾಯಿತು.

ಅರ್ಧ ದಿನದ ಕೆಲಸದ ಲೆಕ್ಕ

ನಮ್ಮಲ್ಲಿ ಅರೆಕಾಲಿಕ ಕೆಲಸ ಅಂದರೆ ಒಂದೆರಡು ಮನೆಯ ಅಡುಗೆ, ಟೈಲರಿಂಗ್, ಟ್ಯೂಷನ್, ಬ್ಯೂಟಿ ಪಾರ್ಲರ್, ಕರಾವಳಿಯಲ್ಲಿ ಬೀಡಿ, ಮೈಸೂರಿನಲ್ಲಿ ಅಗರಬತ್ತಿ. ಸರ್ಕಾರವೇ ಕೊಡುವ ಅಂಥ ಕೆಲಸವೆಂದರೆ ಶಾಲೆಯ ಬಿಸಿಯೂಟದ ಅಡುಗೆ. ಅಲ್ಲಿ ತಿಂಗಳಿಗೆ ಸಿಗುವುದು ಐದು ಸಾವಿರದೊಳಗೆ. ಅದಕ್ಕೆ ಸಂಬಳ ಎನ್ನುವುದಿಲ್ಲ, ‘ಗೌರವಧನ’. ಮನೆಗೆಲಸಕ್ಕೆ ಕನಿಷ್ಠ ಕೂಲಿ ನಿಗದಿ ಮಾಡಿ ಕರ್ನಾಟಕ 2004ರಲ್ಲೇ ಅಧಿಸೂಚನೆ ಹೊರಡಿಸಿತು. ಅದನ್ನು ಕೇಳಿರುವ ಮನೆಯೊಡತಿಯರು ಕಡಿಮೆ.

ಲೆಕ್ಕಕ್ಕಾಗಿ ಒಬ್ಬಳನ್ನು ಊಹಿಸಿಕೊಳ್ಳೋಣ. ತುಮಕೂರಿನಲ್ಲಿ ತವರಿನ ಹತ್ತಿರವೇ ಬಾಡಿಗೆ ಮನೆ, ಮೂರೂವರೆ ವರ್ಷದ ಮಗು. ಬೆಳಿಗ್ಗೆ ಎರಡು ಮನೆಯ ಅಡುಗೆಗೆ ತಲಾ ಮೂರು ಸಾವಿರದಂತೆ ಆರು ಸಾವಿರ ಬರುತ್ತದೆ, ಮಗು ಆಗ ಅಂಗನವಾಡಿಯಲ್ಲಿರುತ್ತದೆ. ಇಡೀ ದಿನದ ಗಾರ್ಮೆಂಟ್ಸ್ ಕೆಲಸವಾದರೆ ಹನ್ನೆರಡು ಸಾವಿರ. ಆದರೆ ಸಂಜೆ ಏಳರವರೆಗೆ ಮಗುವನ್ನು ನೋಡಿಕೊಳ್ಳಲು ಬೇಬಿ ಸಿಟ್ಟಿಂಗ್‌ಗೆ ಮೂರೂವರೆ ಸಾವಿರ, ಹೊರಗಿನ ಊಟ, ಮಗುವಿಗೆ ಜ್ವರ ಬಂದ ದಿನಗಳ ರಜೆ ಕಡಿತ ಸೇರಿ ಇನ್ನೊಂದು ಸಾವಿರ. ಬಸ್ಸಿಗೆ ಶಕ್ತಿ ಯೋಜನೆಯಿಂದ ಖರ್ಚಿಲ್ಲ. ಉಳಿಯುವುದು ಏಳೂವರೆ ಸಾವಿರ. ದಿನಕ್ಕೆ ಐದು ಗಂಟೆ ಹೆಚ್ಚು ದುಡಿದದ್ದಕ್ಕೆ ತಿಂಗಳಿಗೆ ಸಿಕ್ಕ ಲಾಭ ಒಂದೂವರೆ ಸಾವಿರ.

ಹಾಗಾದರೆ ಅರ್ಧ ದಿನವೇ ಮೇಲು ಎನ್ನಬೇಕೇ? ಗಾರ್ಮೆಂಟ್ಸಿನಲ್ಲಿ ಪಿಎಫ್ ಇದೆ, ಇಎಸ್‌ಐ ಆಸ್ಪತ್ರೆಯಿದೆ. ಮನೆಮನೆಯ ಅಡುಗೆ ಕೆಲಸದಲ್ಲಿ ಎರಡೂ ಇಲ್ಲ. ಮಗು ಶಾಲೆಗೆ ಸೇರಿದ ಮೇಲೆ ಬೇಬಿ ಸಿಟ್ಟಿಂಗ್ ಖರ್ಚು ಇಳಿಯುತ್ತದೆ, ಆಗ ಇಡೀ ದಿನದ ಕೆಲಸ ಲಾಭದ್ದಾಗುತ್ತದೆ. ಇನ್ನು ಮಧ್ಯಂತರ ಜೀವನಾಂಶ ಐದು ಸಾವಿರ ಎಂದು ಆದೇಶವಾಯಿತೆನ್ನಿ. ಅರ್ಧ ದಿನದ ದುಡಿಮೆಯ ಜೊತೆ ಸೇರಿದರೆ ಹನ್ನೊಂದು ಸಾವಿರ, ಬಾಡಿಗೆ ಕಟ್ಟಿ ಮಗುವನ್ನು ಸಾಕಬಹುದು. ಗಂಡ ಎರಡು ತಿಂಗಳು ಕಟ್ಟಿ ಮೂರನೆಯ ತಿಂಗಳು ನಿಲ್ಲಿಸಿದರೆ ಮತ್ತೆ ಆರಕ್ಕೆ ಬಂತು. ಬಾಕಿ ವಸೂಲಿಗೆ ಮತ್ತೊಂದು ಅರ್ಜಿ, ವಾರಂಟ್, ಕಟ್ಟದಿದ್ದರೆ ಒಂದು ತಿಂಗಳವರೆಗೆ ಸಜೆ ಎಂದು ಕಾನೂನಿದೆ. ಪ್ರತಿ ವಾಯಿದೆಗೂ ಅವಳಿಗೆ ಒಂದು ದಿನದ ಕೂಲಿ ಹೋಗುತ್ತದೆ ಎಂಬುದನ್ನು ಯಾವ ಕಲಮೂ ಲೆಕ್ಕಕ್ಕೆ ಹಿಡಿದಿಲ್ಲ.

ನಾಲ್ಕು ನಿಲುವುಗಳು

ಮೊದಲನೆಯದು, *ದುಡಿಮೆಯೇ ದಾರಿ* ಎನ್ನುವವರದು. ಅವಲಂಬನೆ ಮುಂದುವರಿದಷ್ಟೂ ಹಳೆಯ ಸಂಬಂಧದ ಹಿಡಿತ ಮುಂದುವರಿಯುತ್ತದೆ, ಕೆಲಸದಿಂದ ದೂರವಿದ್ದಷ್ಟೂ ಮರಳುವುದು ಕಷ್ಟ ಎಂಬುದು ಇವರ ವಾದ. ಓದಿದ ಹೆಂಡತಿ ಸುಮ್ಮನೆ ಕೂರಬಾರದು ಎನ್ನುವ ತೀರ್ಪುಗಳ ಹಿಂದೆ ಇರುವುದೂ ಇದೇ. 2024ರ ಆಗಸ್ಟ್‌ನಲ್ಲಿ ತಿಂಗಳಿಗೆ ಆರು ಲಕ್ಷಕ್ಕೂ ಹೆಚ್ಚು ಜೀವನಾಂಶ ಕೇಳಿದ ಅರ್ಜಿಗೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಗದರಿದ ವಿಡಿಯೊ ದೇಶವೆಲ್ಲ ಓಡಾಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬೆಂಗಳೂರಿನ ತಂತ್ರಜ್ಞರೊಬ್ಬರ ಆತ್ಮಹತ್ಯೆಯ ನಂತರ ಗಂಡಸರ ಕಡೆಯ ಅಳಲೂ ಜೋರಾಗಿ ಕೇಳಿತು. ಕಾನೂನಿನ ದುರ್ಬಳಕೆಯನ್ನೂ ದುಡಿಮೆಯ ಘನತೆಯನ್ನೂ ಈ ನಿಲುವು ವಿವರಿಸುತ್ತದೆ. ಆದರೆ ಅದರ ಕಣ್ಣೆದುರು ಇರುವುದು ಎಂಜಿನಿಯರಿಂಗ್ ಓದಿದ ಹೆಂಡತಿ. ಎರಡು ಮನೆಯ ಅಡುಗೆಯವಳು ಅಲ್ಲಿಲ್ಲ.

ಎರಡನೆಯದು, *ಜೀವನಾಂಶ ಗಳಿಸಿದ ಹಕ್ಕು* ಎನ್ನುವ ನಿಲುವು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆ ಎಂದು ಕಂಡುಬಂತು. ಮನೆಯ ಹೊರೆಯನ್ನು ಒಬ್ಬಳು ಹೊತ್ತದ್ದರಿಂದಲೇ ಇನ್ನೊಬ್ಬನಿಗೆ ಉದ್ಯೋಗದಲ್ಲಿ ಮೇಲೇರಲು ಸಾಧ್ಯವಾಯಿತು. 2023ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞೆ ಕ್ಲಾಡಿಯಾ ಗೋಲ್ಡಿನ್ ಅವರ ಸಂಶೋಧನೆಯೂ ಇದನ್ನೇ ತೋರಿಸುತ್ತದೆ: ಹೊತ್ತುಗೊತ್ತಿಲ್ಲದೆ ಸಮಯ ಕೇಳುವ ಕೆಲಸಕ್ಕೆ ಹೆಚ್ಚು ಸಂಬಳ, ಮಗುವಿನ ವೇಳೆಗೆ ಹೊಂದುವ ಕೆಲಸಕ್ಕೆ ಕಡಿಮೆ. ಹಾಗಾಗಿ ಜೀವನಾಂಶವೆಂಬುದು ದಯೆಯಲ್ಲ, ಬಾಕಿ ಎಂದು ಇವರು ಹೇಳುತ್ತಾರೆ. ಬಡ ಗಂಡನಿಂದ ಆ ಬಾಕಿ ಹೇಗೆ ಹುಟ್ಟುತ್ತದೆ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ತೆಳು. ದಿನಗೂಲಿಯವನ ಆದಾಯದಲ್ಲಿ ಎರಡು ಒಲೆ ಉರಿಯುವುದಿಲ್ಲ.

ಮೂರನೆಯದು, *ಸರ್ಕಾರದ ಹೊಣೆ* ಎನ್ನುವ ನಿಲುವು. ಗಂಡನನ್ನು ಬೆನ್ನಟ್ಟುವ ಕೆಲಸವನ್ನು ಹೆಣ್ಣಿನ ಮೇಲೆ ಹಾಕುವ ಬದಲು ಸರ್ಕಾರವೇ ಮೊದಲು ಹಣ ಕೊಟ್ಟು, ಆಮೇಲೆ ಅವನಿಂದ ವಸೂಲು ಮಾಡಲಿ. ಜೊತೆಗೆ ಶಿಶುಪಾಲನಾ ಕೇಂದ್ರ ನಡೆಸಲಿ ಎಂಬುದು ಇದರ ಬೇಡಿಕೆ. ಗ್ರಾಮ ಪಂಚಾಯಿತಿಗಳಲ್ಲಿ ಕರ್ನಾಟಕ ತೆರೆದ ‘ಕೂಸಿನ ಮನೆ’ ಈ ದಿಕ್ಕಿನ ಹೆಜ್ಜೆ. ನಗರದ ಗಾರ್ಮೆಂಟ್ಸ್ ಬಡಾವಣೆಗಳಿಗೂ ಅದು ಅಷ್ಟೇ ಬೇಕು.

ನಾಲ್ಕನೆಯದು, *ಆಸ್ತಿಯ ಪಾಲು* ಎನ್ನುವವರದು. ಬೀನಾ ಅಗರ್‌ವಾಲ್ 1994ರ ತಮ್ಮ ಕೃತಿಯಲ್ಲಿ ವಾದಿಸಿದಂತೆ, ಹೆಣ್ಣಿನ ಮಾತಿಗೆ ಮನೆಯಲ್ಲಿ ತೂಕ ಬರುವುದು ಅವಳ ಹೆಸರಿಗೆ ಜಮೀನೋ ಮನೆಯೋ ಇದ್ದಾಗ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ತಿದ್ದುಪಡಿಯನ್ನು ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲೇ, 1994ರಲ್ಲಿ, ಕರ್ನಾಟಕ ಮಾಡಿತ್ತು. ಆದರೆ ತವರಿಗೆ ಮರಳಿದ ಮಗಳು ಪಾಲು ಕೇಳಿದರೆ ಅಣ್ಣನ ಮನೆಯ ಬಾಗಿಲೂ ಮುಚ್ಚುತ್ತದೆ. ಅದಕ್ಕೇ ಎಷ್ಟೋ ಮಂದಿ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿ ನೆಂಟಸ್ತಿಕೆ ಉಳಿಸಿಕೊಳ್ಳುತ್ತಾರೆ. ವಿಚ್ಛೇದನದ ವೇಳೆ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡುವ ಮಸೂದೆ 2013ರಲ್ಲಿ ರಾಜ್ಯಸಭೆಯಲ್ಲಿ ಅಂಗೀಕಾರವಾದರೂ ಲೋಕಸಭೆ ದಾಟದೆ ಬಿದ್ದುಹೋಯಿತು.

ಬ್ರಿಟನ್ ಹಿಡಿದ ದಾರಿ

ಮೂರನೆಯ ನಿಲುವನ್ನು ಪ್ರಯೋಗಿಸಿ ನೋಡಿದ ದೇಶ ಬ್ರಿಟನ್. 1942ರ ಬೆವರಿಜ್ ವರದಿಯೇ ಮದುವೆ ಮುರಿದ ಹೆಂಗಸರಿಗೆ ವಿಮೆ ಕೊಡುವ ಯೋಚನೆ ಮಾಡಿತ್ತು. ತಪ್ಪು ಯಾರದೆಂದು ನಿರ್ಧರಿಸುವ ತೊಡಕಿನಲ್ಲಿ ಅದು ನಿಂತಿತು. ಒಂಟಿ ಪಾಲಕರಿಗೆ ಖಾತರಿ ಭತ್ಯೆ ಕೊಡಬೇಕೆಂದ 1974ರ ಫೈನರ್ ಸಮಿತಿಯ ಶಿಫಾರಸೂ ಜಾರಿಯಾಗಲಿಲ್ಲ. ಮುಂದೆ ಬಂದದ್ದು ವಾರಕ್ಕೆ 16 ಗಂಟೆಯ ನಿಯಮ: ಅಷ್ಟು ದುಡಿದರೆ ದುಡಿಮೆಯ ಜೊತೆಗಿನ ನೆರವು, ಇಲ್ಲವಾದರೆ ನಿರುದ್ಯೋಗದ ನೆರವು. ಹಾಗಾಗಿ ಬಹಳ ಮಂದಿ ಸರಿಯಾಗಿ 16 ಗಂಟೆಗೆ ನಿಂತರು.

2013ರಿಂದ ಜಾರಿಗೆ ಬಂದ ಯೂನಿವರ್ಸಲ್ ಕ್ರೆಡಿಟ್ ಆ ಮೆಟ್ಟಿಲನ್ನು ಇಳಿಜಾರಾಗಿಸಿತು. ಮಕ್ಕಳಿರುವವರು ಒಂದು ಮಿತಿಯವರೆಗೆ ದುಡಿದದ್ದಕ್ಕೆ ಕಡಿತವಿಲ್ಲ. ಅದರಾಚೆ 2021ರ ಕೊನೆಯಿಂದ ಪ್ರತಿ ಪೌಂಡಿಗೆ 55 ಪೆನ್ಸ್ ನೆರವು ಇಳಿಯುತ್ತದೆ. ಮಗುವಿಗೆ ಇನ್ನೊಬ್ಬ ಪಾಲಕ ಕೊಡುವ ಹಣವನ್ನು ಆದಾಯವೆಂದು ಎಣಿಸುವುದಿಲ್ಲ. ಅಲ್ಲಿಗೆ ಹೋದ ಕನ್ನಡತಿಯರಿಗೆ ಇದು ನೇರ ಅನ್ವಯಿಸುವ ಸಂಗತಿಯೂ ಹೌದು, ಅನ್ವಯಿಸದ ಸಂಗತಿಯೂ ಹೌದು. ಗಂಡನ ಕೆಲಸದ ವೀಸಾದ ಅವಲಂಬಿತೆಯಾಗಿ ಹೋದವಳಿಗೆ ಈ ನೆರವು ಸಾಮಾನ್ಯವಾಗಿ ಸಿಗುವುದಿಲ್ಲ. ಹಿಂಸೆಯಿಂದ ಹೊರಬಂದವರಿಗೆ ಮೂರು ತಿಂಗಳ ಮಟ್ಟಿಗೆ ನೆರವು ಪಡೆಯಲು ಇರುವ ರಿಯಾಯಿತಿಯನ್ನು 2024ರ ಫೆಬ್ರುವರಿಯಿಂದ ಅಂಥ ಹೆಂಡತಿಯರಿಗೂ ವಿಸ್ತರಿಸಲಾಗಿದೆ.

ಇನ್ನೂ ಇತ್ಯರ್ಥವಾಗದ್ದು

ಐದು ಪ್ರಶ್ನೆಗಳು ಉಳಿದಿವೆ. ಯಾರನ್ನು ದುಡಿಯಬಲ್ಲವಳು ಎಂದು ಕರೆಯಬೇಕು, ಮಗುವಿಗೆ ಎಷ್ಟು ವಯಸ್ಸಾಗುವವರೆಗೆ ತಾಯಿಯನ್ನು ಹಾಗೆ ಕರೆಯಬಾರದು? ಸ್ಪಷ್ಟ ಗೆರೆಯಿಲ್ಲದೆ ಪೀಠದಿಂದ ಪೀಠಕ್ಕೆ ಉತ್ತರ ಬದಲಾಗುತ್ತಿದೆ. ಗೃಹಲಕ್ಷ್ಮಿಯಂಥ ಹಣವನ್ನು ಹೆಂಡತಿಯ ಆದಾಯವೆಂದು ಎಣಿಸಿ ಗಂಡನ ಹೊಣೆ ಇಳಿಸಬಹುದೇ? ಬೆಲೆ ಏರಿದಂತೆ ಜೀವನಾಂಶ ತಾನಾಗಿ ಏರಬೇಕೇ? 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ ಸೇರಿಸಿತು. ಅದು ಎಲ್ಲರಿಗೂ ನಿಯಮವಾಗಿಲ್ಲ. ಡಿಕ್ರಿ ಇಲ್ಲದೆ ಬೇರಿರುವವಳನ್ನು ಯಾವ ದಾಖಲೆಯ ಮೇಲೆ ಗುರುತಿಸಬೇಕು? ವಸೂಲಿಯ ಹೊಣೆ ಯಾರದು?

ಈ ಪ್ರಶ್ನೆಗಳು ತೀರುವವರೆಗೆ ಕಾಯುವ ಅನುಕೂಲ ಮನೆಬಿಟ್ಟು ಬಂದವಳಿಗಿಲ್ಲ. ಅವಳ ಮಟ್ಟಿಗೆ ಒಂದು ತೀರ್ಮಾನವನ್ನು ಧೈರ್ಯವಾಗಿ ಹೇಳಬಹುದು: ಕೆಲಸವೋ ಜೀವನಾಂಶವೋ ಎಂಬ ಆಯ್ಕೆಯನ್ನು ಕಾನೂನು ಅವಳ ಮೇಲೆ ಹೇರಿಲ್ಲ, ಅದನ್ನು ಹೇರಿರುವುದು ಭಯ, ವಿಳಂಬ ಮತ್ತು ರೇಷನ್ ಕಾರ್ಡು. ಸಣ್ಣ ಕೆಲಸ ಸಿಕ್ಕರೆ ಹಿಡಿಯಲಿ, ಆದಾಯವನ್ನು ಇದ್ದಂತೆ ಬರೆಯಲಿ, ಅರ್ಜಿಯನ್ನು ಮಾತ್ರ ತಡಮಾಡದಿರಲಿ; ಲೆಕ್ಕ ಶುರುವಾಗುವುದೇ ಅರ್ಜಿಯ ತಾರೀಖಿನಿಂದ. ‘ಒಪ್ಪಿಗೆಯಿಂದ ಬೇರಾಗಿದ್ದೇವೆ’ ಎಂಬ ಕಾಗದಕ್ಕೆ ವಕೀಲರನ್ನು ಕೇಳದೆ ಸಹಿ ಹಾಕದಿರಲಿ. ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಡಿ ಆದಾಯ ಎಷ್ಟೇ ಇರಲಿ ಎಲ್ಲ ಮಹಿಳೆಯರಿಗೂ ಉಚಿತ ಕಾನೂನು ನೆರವಿನ ಹಕ್ಕಿದೆ. ಅದನ್ನು ಕೊಡುವ ಜಿಲ್ಲಾ ಪ್ರಾಧಿಕಾರದ ಕಚೇರಿ ಪ್ರತಿ ಜಿಲ್ಲಾ ಕೇಂದ್ರದಲ್ಲೂ ಇದೆ.